ಸೋಮವಾರದ ಸೈಕಲ್ಲು

ಓದುಗರ ಪತ್ರ:

'ಸಂಪಾದಕರಿಗೆ ನಮಸ್ಕಾರ. ನಾನು ಸರಸ್ವತಿಪುರಂನಿಂದ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾಕ್ಕೆ ದಿನಾ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುತ್ತೇನೆ. ಹೋಗೋಕೆ ಸುಮಾರು 7 ಕಿ.ಮೀ., ಬರೋಕೆ ಅಷ್ಟೇ. ಭಾನುವಾರ ಗೆಳತಿಯರ ಜೊತೆ ಚಾಮುಂಡಿ ಬೆಟ್ಟ, ವರುಣಾ ನಾಲೆ, ಕೆಆರ್‌ಎಸ್ ಕಡೆ ಸುತ್ತುತ್ತೇನೆ. ಭಾನುವಾರದ ಫೋಟೊ ನೋಡಿದ ನೆಂಟರೆಲ್ಲ ಭೇಷ್ ಅನ್ನುತ್ತಾರೆ. ಸೋಮವಾರ ಅದೇ ಸೈಕಲ್ ಹತ್ತಿದರೆ ನಮ್ಮ ಅತ್ತೆ, "ಸೊಸೆಗೆ ಒಂದು ಸ್ಕೂಟಿ ಕೊಡಿಸೋಕಾಗಲ್ವಾ ಅಂತ ಬೀದಿಯವರು ಕೇಳ್ತಾರಮ್ಮ" ಅನ್ನುತ್ತಾರೆ. ಕಂಪನಿ ಗೇಟಿನಲ್ಲಿ ಸೈಕಲ್ ಒಳಗೆ ಬಿಡುವುದಿಲ್ಲ. ಗಾರೆ ಕೆಲಸಕ್ಕೆ ಬಂದವಳ ಹಾಗೆ ನಿಲ್ಲಿಸಿ ಕೇಳುತ್ತಾರೆ. ಸ್ಕೂಟರ್ ತೆಗೆದುಕೊಂಡು, ಸೈಕಲ್ಲನ್ನು ಭಾನುವಾರಕ್ಕೆ ಮಾತ್ರ ಇಟ್ಟುಕೊಳ್ಳಲೇ?'

– ಹೆಸರು ಬೇಡವೆಂದ ಓದುಗರು, ಸರಸ್ವತಿಪುರಂ, ಮೈಸೂರು

ಸಂಪಾದಕರ ಉತ್ತರ:

ತಂಗೀ, ಸುತ್ತಿ ಬಳಸಿ ಹೇಳುವುದಿಲ್ಲ. ಬೇಡ. ಎರಡರಲ್ಲಿ ಒಂದನ್ನು ಬಿಡಲೇಬೇಕು ಅಂತಾದರೆ ಭಾನುವಾರದ್ದನ್ನು ಬಿಡಿ. ಸೋಮವಾರದ್ದನ್ನು ಬಿಡಬೇಡಿ.

ಸ್ಕೂಟರ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮಗುವನ್ನು ಶಾಲೆಗೆ ಬಿಟ್ಟು, ವಯಸ್ಸಾದವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಮತ್ತೆ ಕೆಲಸಕ್ಕೆ ಓಡಬೇಕಾದ ಹೆಣ್ಣುಮಕ್ಕಳಿಗೆ ಅದು ದೊಡ್ಡ ಆಸರೆ. ನೈಟ್ ಶಿಫ್ಟ್ ಮುಗಿಸಿ ಬರುವವರಿಗೂ ಅಷ್ಟೇ. ಅವರು ಓಡಿಸಲಿ. ಆದರೆ ನಿಮ್ಮ ಪತ್ರದಲ್ಲಿ ಅಂಥ ಕಾರಣ ಒಂದೂ ಇಲ್ಲ. ಕಾಲು ನೋಯುತ್ತದೆ ಅಂತ ನೀವು ಬರೆದಿಲ್ಲ, ಹೊತ್ತಾಗುತ್ತದೆ ಅಂತಲೂ ಬರೆದಿಲ್ಲ. ಬೀದಿಯವರು ಏನೆಂದುಕೊಳ್ಳುತ್ತಾರೆ ಅನ್ನುವುದೊಂದೇ ಕಾರಣ. ಅದಕ್ಕೆ ತಿಂಗಳು ತಿಂಗಳು ಪೆಟ್ರೋಲ್ ಹಾಕಿಸಬೇಕೇ?

ಭಾನುವಾರದ ಸುಖ ನನಗೂ ಗೊತ್ತು. ತಾವರೆಕಟ್ಟೆ ಕಡೆಯಿಂದ ಬೆಟ್ಟ ಹತ್ತುವಾಗ ಸಣ್ಣ ಗಿಯರಿಗೆ ಹಾಕಿಕೊಂಡು ಉಸಿರು ಎಣಿಸುತ್ತಾ ಹೋಗುತ್ತೇವಲ್ಲ, ಊರಿನ ಮಟ್ಟದಿಂದ ಸುಮಾರು 300 ಮೀಟರ್ ಮೇಲಕ್ಕೆ ಬಂದು ತಿರುಗಿ ನೋಡಿದಾಗ ಅರಮನೆ, ಲಲಿತಮಹಲ್, ಕಾರಂಜಿ ಕೆರೆ ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ನಾಲೆ ಏರಿ ಮೇಲೆ ಭತ್ತದ ಗದ್ದೆ ನೋಡುತ್ತಾ ಹೋಗುವುದು, ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರ ಕಾಲದ, 1804ರ ಕಲ್ಲುಸೇತುವೆ ಪಕ್ಕ ಸೈಕಲ್ ಒರಗಿಸಿ ಇಡ್ಲಿ ಪೊಟ್ಟಣ ಬಿಚ್ಚುವುದು, ಇದೆಲ್ಲ ದೊಡ್ಡ ಸಂತೋಷವೇ. ಆದರೆ ಆ ಸಂತೋಷ ಹುಡುಕಿಕೊಂಡು ಹೋಗುವವರು ಈಗ ತುಂಬ ಜನ ಇದ್ದಾರೆ. ಅವರಿಗೆ ಟೀ ಶರ್ಟು, ಮೆಡಲು, ಪತ್ರಿಕೆಯಲ್ಲಿ ಫೋಟೊ ಎಲ್ಲ ಸಿಗುತ್ತದೆ. ಸೋಮವಾರ ಬೆಳಗ್ಗೆ ಊಟದ ಡಬ್ಬಿಯನ್ನು ಕ್ಯಾರಿಯರಿಗೆ ಸಿಕ್ಕಿಸಿಕೊಂಡು ಹೊರಡುವವರನ್ನು ಕೇಳುವವರಿಲ್ಲ.

ಇನ್ನೊಂದು ವಿಷಯ. ಹೊರಗಿನ ಗಾಳಿ, ಬೆಳಕು, ಮರ, ಹಕ್ಕಿ ಬೇಕು ಅಂದರೆ ಭಾನುವಾರದವರೆಗೆ ಯಾಕೆ ಕಾಯಬೇಕು? ನಿಮ್ಮ ದಾರಿಯನ್ನೇ ನೋಡಿ. ಮನೆ ಬಿಟ್ಟ ಸ್ವಲ್ಪ ಹೊತ್ತಿಗೆ ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ ಅದು. ಅಲ್ಲಿ ಹೆಜ್ಜಾರ್ಲೆ ಇಳಿಯುವುದನ್ನು ನೋಡಲು ರಜೆ ಹಾಕಬೇಕಾಗಿಲ್ಲ. ಆಮೇಲೆ ಪಡುವಾರಹಳ್ಳಿ, ಗೋಕುಲಂ. ಯುಗಾದಿ ಹೊತ್ತಿಗೆ ಹೊಂಗೆ ಚಿಗುರುತ್ತದೆ. ಅದರ ಹೂವು ಉದುರಿ ರಸ್ತೆ ಅಂಚು ಬೆಳ್ಳಗಾಗುತ್ತದೆ. ಆಷಾಢದಲ್ಲಿ ಪಶ್ಚಿಮದ ಗಾಳಿ ಬೆಳಗ್ಗೆ ನಿಮ್ಮ ಎಡಗೆನ್ನೆಗೆ ಬಡಿಯುತ್ತದೆ, ಸಂಜೆ ಬಲಗೆನ್ನೆಗೆ. ಕಾರಿನ ಗಾಜು ಏರಿಸಿಕೊಂಡವರಿಗೆ ಇದು ಯಾವುದೂ ಗೊತ್ತಾಗುವುದಿಲ್ಲ. ಸ್ಕೂಟರಿನ ಮೇಲೂ ಅಷ್ಟಕ್ಕಷ್ಟೇ, ಯಾಕೆಂದರೆ ಆ ವೇಗಕ್ಕೆ ಕಣ್ಣೆಲ್ಲ ಮುಂದಿನ ಬಸ್ಸಿನ ಮೇಲೇ ಇರುತ್ತದೆ.

ಮೈಸೂರಿನಂಥ ಊರು ಸೈಕಲ್ಲಿಗೆ ಇನ್ನೊಂದು ಸಿಗುವುದು ಕಷ್ಟ. ನಮ್ಮ ಔಟರ್ ರಿಂಗ್ ರೋಡ್ ಸುತ್ತಳತೆ ಸುಮಾರು 42 ಕಿ.ಮೀ. ಲೆಕ್ಕ ಹಾಕಿ. ಊರ ನಡುವಿನಿಂದ ರಿಂಗ್ ರೋಡಿಗೆ ಹೆಚ್ಚು ಕಡಿಮೆ 6-7 ಕಿ.ಮೀ. ಆಗುತ್ತದೆ. ಗಂಟೆಗೆ 15 ಕಿ.ಮೀ. ತುಳಿದರೂ ಅರ್ಧ ಗಂಟೆ ಸಾಕು. ಪ್ಲೇಗು ಬಂದು ಹೋದ ಮೇಲೆ 1903ರಲ್ಲಿ ಇಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಮಾಡಿದರು. ಗಾಳಿ ಬೆಳಕು ಬರುವ ಹಾಗೆ ಬಡಾವಣೆಗಳಾದವು, ಅಗಲವಾದ ರಸ್ತೆಗಳಾದವು, ಸಾಲುಮರಗಳು ಬಂದವು. ಆ ನೆರಳಿನಲ್ಲೇ ಈ ಊರಿನ ಎರಡು ಮೂರು ತಲೆಮಾರು ಸೈಕಲ್ ತುಳಿದಿದೆ.

ನಾನು ಹುಡುಗನಾಗಿದ್ದಾಗ ಅಶೋಕಪುರಂನ ರೈಲ್ವೆ ವರ್ಕ್‌ಶಾಪ್ ಬಿಡುವ ಹೊತ್ತಿಗೆ ರಸ್ತೆ ದಾಟೋಕೆ ನಿಲ್ಲಬೇಕಾಗಿತ್ತು. ಕಣ್ಣು ಹಾಯಿಸಿದಷ್ಟು ದೂರ ಸೈಕಲ್ಲುಗಳೇ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಮೋಟಾರ್ ಬೈಕ್ ಮಾಡುತ್ತಿತ್ತು, ಆದರೆ ಅಲ್ಲಿನ ಕಾರ್ಮಿಕರಲ್ಲೂ ಬಹಳ ಜನ ಬರುತ್ತಿದ್ದದ್ದು ಸೈಕಲ್ಲಿನಲ್ಲಿ. ಆಗ ಸೈಕಲ್ಲಿಗೆ ಮುನಿಸಿಪಾಲಿಟಿ ಬಿಲ್ಲೆ ಬೇಕಿತ್ತು. ಕತ್ತಲಾದರೆ ದೀಪ ಬೇಕಿತ್ತು. ಡೈನಮೋ ಕೆಟ್ಟಿದ್ದರೆ ಪೊಲೀಸಿನವರು ಗಾಳಿ ಬಿಡುತ್ತಿದ್ದರು. ಕಾಟ ಅನಿಸಿದರೂ ಅದರಲ್ಲಿ ಒಂದು ಮರ್ಯಾದೆ ಇತ್ತು. ಸೈಕಲ್ಲನ್ನು ರಸ್ತೆಯ ಗಾಡಿ ಅಂತ ಒಪ್ಪಿಕೊಂಡಿದ್ದರು. ಮೇಷ್ಟ್ರು, ಗುಮಾಸ್ತರು, ಕಾರ್ಖಾನೆಯವರು, ಹಾಲಿನವರು ಎಲ್ಲರದೂ ಒಂದೇ ಗಾಡಿ. ಯಾರೂ ಯಾರನ್ನೂ ಕೆಳಗೆ ನೋಡುತ್ತಿರಲಿಲ್ಲ.

ಇಲ್ಲಿ ನಿಮಗೆ ಒಂದು ಮಾತು ಹೇಳಲೇಬೇಕು. 'ಗಾರೆ ಕೆಲಸಕ್ಕೆ ಬಂದವಳ ಹಾಗೆ' ಅಂತ ಬರೆದಿದ್ದೀರಿ. ಓದಿ ನನಗೆ ಬೇಜಾರಾಯಿತು. ನಿಮಗೆ ನೋವಾಗಿದೆ, ಆ ನೋವಿನಲ್ಲಿ ಬಂದ ಮಾತು ಅಂತ ಗೊತ್ತು. ಆದರೂ ಯೋಚಿಸಿ. ನಿಮ್ಮನ್ನು ಹಾಗೆ ನಿಲ್ಲಿಸುವುದು ತಪ್ಪಾದರೆ ಗಾರೆ ಕೆಲಸದ ಹೆಣ್ಣುಮಗಳನ್ನು ಹಾಗೆ ನಿಲ್ಲಿಸುವುದೂ ತಪ್ಪೇ ಅಲ್ವಾ? ಬೆಳಗ್ಗೆ ಆರು ಗಂಟೆಗೆ ದೇವರಾಜ ಮಾರುಕಟ್ಟೆ ಕಡೆ ಹೋಗಿ ನೋಡಿ. ಕುಕ್ಕೆ ತುಂಬ ಹೂವು ಕಟ್ಟಿಕೊಂಡು ಬರುವವರು, ಸೊಪ್ಪಿನವರು, ಪೇಪರ್ ಹಾಕುವ ಹುಡುಗರು, ಕಟ್ಟಡದ ಕೆಲಸಕ್ಕೆ ಹೊರಟವರು. ಈ ಊರಿನಲ್ಲಿ ಸೈಕಲ್ಲನ್ನು ಉಳಿಸಿಕೊಂಡು ಬಂದವರೇ ಅವರು. 2011ರ ಜನಗಣತಿಯಲ್ಲಿ ಕೆಲಸಕ್ಕೆ ಹೇಗೆ ಹೋಗುತ್ತೀರಿ ಅಂತ ಕೇಳಿದರು. ಬೇಸಾಯ ಮತ್ತು ಮನೆ ಕೈಗಾರಿಕೆ ಬಿಟ್ಟು ಉಳಿದ ದುಡಿಯುವವರಲ್ಲಿ ನೂರಕ್ಕೆ ಸುಮಾರು 13 ಜನ ಸೈಕಲ್ ಅಂದರು. ದೇಶದಲ್ಲಿ ಕೋಟಿಗಟ್ಟಲೆ ಜನ. ಅವರಲ್ಲಿ ಹೆಲ್ಮೆಟ್ ಹಾಕಿಕೊಂಡು ಫೋಟೊ ತೆಗೆಸಿಕೊಂಡವರು ಎಷ್ಟು ಮಂದಿ? ನೀವು ಅವರ ಸಾಲಿನಲ್ಲಿ ನಿಂತಿದ್ದೀರಿ. ಅದು ಒಳ್ಳೆಯ ಸಾಲು.

ಈ ಸಾಲಿನವರಿಗೆ ಊರು ಏನು ಕೊಟ್ಟಿದೆ? 2017ರ ಜೂನ್‌ನಲ್ಲಿ ಟ್ರಿಣ್ ಟ್ರಿಣ್ ಅನ್ನುವ ಬಾಡಿಗೆ ಸೈಕಲ್ ಯೋಜನೆ ಬಂತು. 450 ಸೈಕಲ್ಲು, 48 ನಿಲ್ದಾಣ. ದೇಶವೆಲ್ಲ ಮೈಸೂರಿನ ಕಡೆ ನೋಡಿತು. ಒಳ್ಳೆಯ ಕೆಲಸ, ನಾನೂ ಕಾರ್ಡ್ ಮಾಡಿಸಿದೆ. ಆದರೆ ಸೈಕಲ್ ಕೊಟ್ಟವರು ಅದು ಓಡಾಡುವ ರಸ್ತೆಯ ಬಗ್ಗೆ ಅಷ್ಟೇ ತಲೆ ಕೆಡಿಸಿಕೊಳ್ಳಬೇಕಿತ್ತು. ಜೆಎಲ್‌ಬಿ ರಸ್ತೆಯಲ್ಲಿ, ಸಯ್ಯಾಜಿರಾವ್ ರಸ್ತೆಯಲ್ಲಿ ಸಂಜೆ ಆರು ಗಂಟೆಗೆ ಸೈಕಲ್ಲಿಗೆ ಎಲ್ಲಿದೆ ಜಾಗ? ಎಡಕ್ಕೆ ಸಾಲಾಗಿ ನಿಂತ ಕಾರು, ಬಲಕ್ಕೆ ಹಾರ್ನ್ ಒತ್ತುವ ಬಸ್ಸು. ಸೈಕಲ್ಲಿಗೆ ಅಂತ ಬಿಟ್ಟ ದಾರಿಯಲ್ಲಿ ಮೋಟಾರ್ ಗಾಡಿ ಓಡಿಸುವ ಹಾಗಿಲ್ಲ ಅಂತ 1989ರ ರಸ್ತೆ ನಿಯಮಗಳಲ್ಲೇ ಇತ್ತು. ನಿಯಮ ಇದ್ದರೆ ಸಾಲದು. ಮೊದಲು ದಾರಿ ಬಿಡಬೇಕು.

ಹೊಸ ಹೆದ್ದಾರಿಯ ಕಥೆಯೂ ಹೀಗೇ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಅದೇ ವರ್ಷ ಆಗಸ್ಟ್ 1ರಿಂದ ಮುಖ್ಯ ರಸ್ತೆಗೆ ಬೈಕು, ಆಟೊ, ಟ್ರ್ಯಾಕ್ಟರ್, ಸೈಕಲ್ ಯಾವುದೂ ಬರುವ ಹಾಗಿಲ್ಲ ಅಂತಾಯಿತು. ಅಷ್ಟು ವೇಗದ ರಸ್ತೆಯಲ್ಲಿ ಸೈಕಲ್ ಬೇಡ ಅನ್ನುವುದು ಸರಿಯೇ. ಆದರೆ ಬೈಕು, ಆಟೊ, ಕಬ್ಬಿನ ಟ್ರ್ಯಾಕ್ಟರು, ಸೈಕಲ್ಲು, ಎಮ್ಮೆ ಹೊಡೆದುಕೊಂಡು ಹೋಗುವವರು ಎಲ್ಲರೂ ಈಗ ಸರ್ವಿಸ್ ರಸ್ತೆಗೆ ಬಂದು ಸೇರಿದ್ದಾರೆ. ಶ್ರೀರಂಗಪಟ್ಟಣದ ಸುತ್ತಿನ ಹಳ್ಳಿಯವರಿಗೆ ಇದು ಭಾನುವಾರದ ಸವಾರಿ ಅಲ್ಲ, ದಿನದ ಬದುಕು. ಬೆಂಗಳೂರಿಗೆ ಒಂದೂವರೆ ಗಂಟೆಯಲ್ಲಿ ಮುಟ್ಟುವವರ ಲೆಕ್ಕ ಎಲ್ಲರಿಗೂ ಗೊತ್ತು. ಪಕ್ಕದೂರಿನ ಗಿರಣಿಗೆ ರಾಗಿ ಮೂಟೆ ಹೊತ್ತುಕೊಂಡು ಹೋಗುವವರಿಗೆ ಎಷ್ಟು ಹೊತ್ತು ಜಾಸ್ತಿ ಆಯಿತು ಅಂತ ಯಾರು ಕೇಳಿದರು?

ಮರದ ವಿಷಯ ಹೇಳದೆ ಇರಲಾರೆ. 2025ರ ಏಪ್ರಿಲ್‌ನಲ್ಲಿ ರಸ್ತೆ ಅಗಲ ಮಾಡಲು ಹೈದರಾಲಿ ರಸ್ತೆಯ 40 ಮರ ಕಡಿದರು. ಜನ ಬೀದಿಗೆ ಬಂದು ಪ್ರತಿಭಟಿಸಿದರು. ಕಾರಿನಲ್ಲಿ ಹೋಗುವವರಿಗೆ ಮರ ಇದ್ದರೂ ಎ.ಸಿ., ಇಲ್ಲದಿದ್ದರೂ ಎ.ಸಿ. ಏಪ್ರಿಲ್ ಬಿಸಿಲಿನಲ್ಲಿ ಪೆಡಲ್ ತುಳಿಯುವವರಿಗೆ ಮರ ಅಂದರೆ ಚಾವಣಿ. ನಡೆಯುವವರಿಗೂ ಅಷ್ಟೇ. ಯಾರಿಗೋಸ್ಕರ ರಸ್ತೆ ಅಗಲ ಆಗುತ್ತಿದೆ ಅಂತ ನನಗೆ ಪ್ರತಿ ಸಲವೂ ಸಿಟ್ಟು ಬರುತ್ತದೆ.

'ಅದೆಲ್ಲ ಹಾಲೆಂಡಿಗೆ ಸರಿ ಸಾರ್, ನಮ್ಮಲ್ಲಿ ಆಗಲ್ಲ' ಅನ್ನುವವರು ನಮ್ಮ ಕಚೇರಿಗೂ ಬರುತ್ತಾರೆ. ಹಾಲೆಂಡಿನವರೇನು ಹುಟ್ಟುತ್ತಲೇ ಸೈಕಲ್ ದಾರಿ ಹಾಕಿಸಿಕೊಂಡು ಬಂದವರಲ್ಲ. ಎರಡನೇ ಮಹಾಯುದ್ಧದ ನಂತರ ಅವರ ಊರುಗಳಲ್ಲೂ ಕಾರು ತುಂಬಿಕೊಂಡಿತು. 1971ರಲ್ಲಿ ಆ ಸಣ್ಣ ದೇಶದಲ್ಲಿ 3,000ಕ್ಕೂ ಹೆಚ್ಚು ಜನ ರಸ್ತೆಯಲ್ಲಿ ಸತ್ತರು. ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಆಗ ತಂದೆತಾಯಂದಿರು 'ಮಕ್ಕಳ ಕೊಲೆ ನಿಲ್ಲಿಸಿ' ಅಂತ ರಸ್ತೆಗಿಳಿದರು. 1973ರಲ್ಲಿ ಎಣ್ಣೆ ಸಿಗದೆ ಭಾನುವಾರ ಕಾರು ಬಂದ್ ಆಯಿತು. ಖಾಲಿ ರಸ್ತೆ ಹೇಗಿರುತ್ತದೆ ಅಂತ ಜನ ಕಣ್ಣಾರೆ ಕಂಡರು. ಆ ಸೈಕಲ್ ದಾರಿಗಳು ಜನ ಕೇಳಿ ಪಡೆದದ್ದು.

ಕೇಳಬೇಕಾದ್ದು ನಮ್ಮಲ್ಲೂ ಇದೆ. 2006-07ರಲ್ಲಿ ನಮ್ಮ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಆ ವರ್ಷಗಳಲ್ಲಿ ಪಾಂಡವಪುರ ಕಡೆ ಬೆಳಗ್ಗೆ ಹೋದರೆ ನಾಲೆ ಏರಿ ಮೇಲೆ ಯೂನಿಫಾರಂ ಹಾಕಿದ ಹೆಣ್ಣುಮಕ್ಕಳು ಸಾಲಾಗಿ ಸೈಕಲ್ ತುಳಿಯುವುದನ್ನು ನೋಡಬಹುದಿತ್ತು. ಹೈಸ್ಕೂಲು ಪಕ್ಕದ ಊರಿನಲ್ಲಿದೆ ಅನ್ನುವ ಕಾರಣಕ್ಕೆ ಓದು ನಿಲ್ಲಿಸಬೇಕಾಗಿದ್ದ ಮಕ್ಕಳು ಅವರು. ಇಂಥ ಯೋಜನೆ ಕೋವಿಡ್ ಬಂದಾಗ ನಿಂತಿತು. ಕೋವಿಡ್ ಹೋದ ಮೇಲೂ ವರ್ಷಗಟ್ಟಲೆ ತಿರುಗಿ ಬರಲಿಲ್ಲ. ಮೇಲ್ಸೇತುವೆಗೆ ದುಡ್ಡು ಹುಡುಕುವ ನಮಗೆ ಆ ಸೈಕಲ್ಲಿಗೆ ದುಡ್ಡು ಸಿಗಲಿಲ್ಲ. ನಿಮ್ಮ ಕಂಪನಿಯಲ್ಲಿ ಈಗ ಕೆಲಸಕ್ಕೆ ಇರುವ ಹುಡುಗಿಯರಲ್ಲಿ ಎಷ್ಟು ಜನ ಆ ಸೈಕಲ್ಲಿನಿಂದಲೇ ಅಲ್ಲಿಗೆ ಬಂದಿದ್ದಾರೋ, ಒಮ್ಮೆ ಕೇಳಿ ನೋಡಿ.

ಇನ್ನು ನಿಮ್ಮ ಅತ್ತೆಯವರು. ಬೀದಿಯವರ ಮಾತು ಅವರು ಮುಂದೆ ಮಾಡುವ ನೆಪ. ಒಳಗೆ ಇರುವುದು ಭಯ. ಸೊಸೆ ಆ ಬಸ್ಸು ಲಾರಿಗಳ ನಡುವೆ ಕ್ಷೇಮವಾಗಿ ಬರುತ್ತಾಳಾ ಅಂತ. ಆ ಭಯ ಸುಮ್ನೆ ಬಂದದ್ದಲ್ಲ. ಗಾಡಿಯ ವೇಗ 30ರಿಂದ 60ಕ್ಕೆ ಏರಿದರೆ ಪೆಟ್ಟಿನ ಬಲ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಅದಕ್ಕೇ ಜನ ಮತ್ತು ಗಾಡಿ ಬೆರೆಯುವ ಕಡೆ ಗಂಟೆಗೆ 30 ಕಿ.ಮೀ. ಮೀರಬಾರದು ಅಂತ ರಸ್ತೆ ಸುರಕ್ಷತೆ ಬಗ್ಗೆ ದೇಶಗಳೆಲ್ಲ ಸೇರಿ ಮಾಡಿದ 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿತು. ಅವರ ಜೊತೆ ವಾದ ಮಾಡಬೇಡಿ. ಯಾವ ದಾರಿಯಲ್ಲಿ ಹೋಗುತ್ತೀರಿ ಅಂತ ಒಂದು ಸಲ ಕರೆದುಕೊಂಡು ಹೋಗಿ ತೋರಿಸಿ. ಒಳರಸ್ತೆ ಇರುವ ಕಡೆ ಮೇನ್ ರೋಡ್ ಬಿಡಿ, ಐದು ನಿಮಿಷ ಜಾಸ್ತಿ ಆದರೂ ಆಗಲಿ. ಮೋರಿ ಅಂಚಿಗೆ ಅಂಟಿಕೊಂಡು ಓಡಿಸಬೇಡಿ. ಅಲ್ಲಿ ಜಲ್ಲಿ ಇರುತ್ತದೆ, ಗುಂಡಿ ಇರುತ್ತದೆ, ಹಿಂದಿನವರಿಗೆ ನೀವು ಕಾಣುವುದೂ ಇಲ್ಲ. ನಿಂತ ಕಾರಿನಿಂದ ಒಂದು ಬಾಗಿಲಿನಷ್ಟು ದೂರ ಇಟ್ಟುಕೊಳ್ಳಿ. ದುಪಟ್ಟಾ ಚೈನಿಗೆ ಸಿಗದ ಹಾಗೆ ಕಟ್ಟಿಕೊಳ್ಳಿ, ಚೈನ್ ಕವರ್ ಹಾಕಿಸಿ. ಹಿಂದೆ ಮುಂದೆ ದೀಪ ಇರಲಿ. ಮಳೆಗಾಲದಲ್ಲಿ ರಿಮ್ ಒದ್ದೆಯಾದರೆ ಬ್ರೇಕ್ ತಡವಾಗಿ ಹಿಡಿಯುತ್ತದೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

ಗೇಟಿನ ವಿಷಯದಲ್ಲಿ ಸೆಕ್ಯುರಿಟಿಯವರ ಮೇಲೆ ಸಿಟ್ಟಾಗಬೇಡಿ. ಅವರು ಮೇಲಿನವರು ಹೇಳಿದ್ದನ್ನು ಮಾಡುತ್ತಾರೆ. ಎಚ್.ಆರ್. ವಿಭಾಗಕ್ಕೆ ಪತ್ರ ಬರೆಯಿರಿ. ಒಬ್ಬರೇ ಬರೆಯಬೇಡಿ. ಕ್ಯಾಂಟೀನಿನವರು, ಹೌಸ್‌ಕೀಪಿಂಗ್‌ನವರು, ತೋಟದವರು, ಯಾರ್ಯಾರು ಸೈಕಲ್ಲನ್ನು ಕಾಂಪೌಂಡ್ ಹೊರಗೆ ಬೇಲಿಗೆ ಬೀಗ ಹಾಕಿ ಬರುತ್ತಾರೋ ಎಲ್ಲರ ಸಹಿಯೂ ಇರಲಿ. ಕೇಳುವುದು ಜಾಸ್ತಿ ಏನಲ್ಲ. ಶೀಟಿನ ನೆರಳು, ಬೀಗ ಹಾಕಲು ಒಂದು ಕಬ್ಬಿಣದ ಪಟ್ಟಿ, ಒಂದು ಗಾಳಿ ಪಂಪು. ಒಂದು ಕಾರು ನಿಲ್ಲುವ ಜಾಗದಲ್ಲಿ ಹತ್ತು ಸೈಕಲ್ ನಿಲ್ಲುತ್ತವೆ ಅಂತಲೂ ಬರೆಯಿರಿ.

ಉಳಿದ ಓದುಗರಿಗೂ ಒಂದು ಕೋರಿಕೆ. ಮೈಸೂರು, ಮಂಡ್ಯ, ಶ್ರೀರಂಗಪಟ್ಟಣ, ಪಾಂಡವಪುರ ಕಡೆ ದಿನಾ ಕೆಲಸಕ್ಕೆ, ಶಾಲೆಗೆ, ಗದ್ದೆಗೆ ಸೈಕಲ್ಲಿನಲ್ಲಿ ಹೋಗುವವರು ನಮಗೆ ಬರೆಯಿರಿ. ಯಾವ ರಸ್ತೆ, ಎಷ್ಟು ಹೊತ್ತಿಗೆ, ಎಲ್ಲಿ ಭಯವಾಗುತ್ತದೆ, ಸೈಕಲ್ ಎಲ್ಲಿ ನಿಲ್ಲಿಸುತ್ತೀರಿ, ಇಷ್ಟು ಸಾಕು. ಬರೆಯಲು ಬಾರದವರ ಪರವಾಗಿ ಮನೆಯ ಮಕ್ಕಳು ಬರೆಯಲಿ. ಬಂದದ್ದನ್ನೆಲ್ಲ ಅಚ್ಚು ಹಾಕುತ್ತೇವೆ. ರಸ್ತೆಗಳ ಪಟ್ಟಿ ಮಾಡಿ ಪಾಲಿಕೆಗೂ ಟ್ರಾಫಿಕ್ ಪೊಲೀಸರಿಗೂ ನಾವೇ ಹೋಗಿ ಕೊಟ್ಟು ಬರುತ್ತೇವೆ.