ಧಾರವಾಡವೋ, ಕೊಣಾಜೆಯೋ, ಕೋಡಿಬಾಗವೋ?

ಶಿರಸಿ ತಾಲೂಕಿನ ಓದುಗರೊಬ್ಬರ ಪತ್ರದ ಸಾರ: ‘ಮಗಳು ಪ್ರಾಣಿಶಾಸ್ತ್ರ ತೆಗೆದುಕೊಂಡು ಬಿ.ಎಸ್ಸಿ. ಮುಗಿಸುತ್ತಿದ್ದಾಳೆ. ಎಂ.ಎಸ್ಸಿ.ಗೆ ಧಾರವಾಡ, ಮಂಗಳೂರು, ಶಂಕರಘಟ್ಟ ಇವುಗಳಲ್ಲಿ ಯಾವುದಕ್ಕೆ ಹೆಸರು ಹೆಚ್ಚು? ಧಾರವಾಡ ಮೊದಲಿನಂತಿಲ್ಲ ಎನ್ನುತ್ತಾರೆ. ಕಾರವಾರದ ಸ್ನಾತಕೋತ್ತರ ಕೇಂದ್ರದ ಮಾತೆತ್ತಿದರೆ ನೆಂಟರು ಮೂಗು ಮುರಿಯುತ್ತಾರೆ. ನಮ್ಮ ಜಿಲ್ಲೆ ಧಾರವಾಡ ವಿಶ್ವವಿದ್ಯಾಲಯಕ್ಕೆ ಸೇರಿದ್ದಾದರೂ ಯಾಕೆ?’

ಮಾನ್ಯರೇ,

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಬ್ರಿಟಿಷರ ಕಾಲದಲ್ಲಿ ಕೆನರಾ ಜಿಲ್ಲೆ ಎರಡಾಯಿತು. ದಕ್ಷಿಣ ಭಾಗ ಮದ್ರಾಸ್ ಪ್ರಾಂತ್ಯದಲ್ಲೇ ಉಳಿಯಿತು, ನಮ್ಮ ಉತ್ತರ ಕನ್ನಡ 1862ರಲ್ಲಿ ಮುಂಬಯಿಗೆ ಹೋಯಿತು. ಮುಂಬಯಿ ಸರ್ಕಾರ ತನ್ನ ಕನ್ನಡ ಜಿಲ್ಲೆಗಳಿಗಾಗಿ 1949ರಲ್ಲಿ, ಈಗ ಧಾರವಾಡದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯ ಕಟ್ಟಿದಾಗ ಕಾರವಾರ, ಶಿರಸಿ ಸಹಜವಾಗಿ ಅದರೊಳಗೆ ಬಂದವು. ಮುಂದೆ ಕಲಬುರ್ಗಿಗೆ 1980ರಲ್ಲಿ, ಬೆಳಗಾವಿಗೆ 2010ರಲ್ಲಿ ಬೇರೆ ವಿಶ್ವವಿದ್ಯಾಲಯ ಬಂದವು. ಧಾರವಾಡ, ಗದಗ, ಹಾವೇರಿಗಳ ಜೊತೆ ನಾವು ಉಳಿದೆವು.

ಇನ್ನು ಹೆಸರಿನ ವಿಚಾರ. ಧಾರವಾಡದ ಹೆಸರು ಪುಕ್ಕಟೆ ಬಂದದ್ದಲ್ಲ. ಕೇಂಬ್ರಿಜ್‌ನಲ್ಲಿ ಗಣಿತ ಓದಿದ ಡಿ.ಸಿ. ಪಾವಟೆ 1954ರಿಂದ 1967ರವರೆಗೆ ಕುಲಪತಿಯಾಗಿದ್ದು ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ ಅದನ್ನು ಬೆಳೆಸಿದರು. ಎಂ.ಎಂ. ಕಲಬುರ್ಗಿಯವರು ಕನ್ನಡ ಕಲಿಸಿದ್ದು ಅಲ್ಲಿ. ನಿಮ್ಮ ಮಗಳಿಗೆ ಬೇಕಾದ ಪ್ರಾಣಿಶಾಸ್ತ್ರ ವಿಭಾಗವೂ ಸಣ್ಣದಲ್ಲ. ಕಪ್ಪೆ, ಹಲ್ಲಿಗಳ ಸಂತಾನೋತ್ಪತ್ತಿಯ ಮೇಲೆ ಜೀವಮಾನವಿಡೀ ಕೆಲಸ ಮಾಡಿದ ಶ್ರೀನಿವಾಸ ಸೈದಾಪುರ ಅದೇ ವಿಭಾಗದವರು, ಮುಂದೆ ಅಲ್ಲಿಯ ಕುಲಪತಿಯೂ ಆದರು. ‘ಮೊದಲಿನಂತಿಲ್ಲ’ ಎಂಬ ದೂರು ನನ್ನ ಕಿವಿಗೂ ಬೀಳುತ್ತದೆ. ಖಾಲಿ ಹುದ್ದೆಗಳು, ಅತಿಥಿ ಉಪನ್ಯಾಸಕರ ಮೇಲೆ ಬೀಳುವ ಭಾರ ನಿಜ. ಆದರೆ ಅದು ಧಾರವಾಡವೊಂದರ ಕಷ್ಟವಲ್ಲ, ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳೆಲ್ಲ ಅದನ್ನು ಅನುಭವಿಸುತ್ತಿವೆ. ಒಂದಕ್ಕೆ ಮಾತ್ರ ಆ ಕಳಂಕ ಹಚ್ಚುವುದು ಅನ್ಯಾಯ.

ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಕೊಣಾಜೆ 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯವಾಯಿತು. ಅಲ್ಲಿ ಅನ್ವಯಿಕ ಪ್ರಾಣಿಶಾಸ್ತ್ರವಿದೆ, ಮಂಗಳೂರು ನಗರ ಹತ್ತಿರವಿದೆ. 1987ರ ಕುವೆಂಪು ವಿಶ್ವವಿದ್ಯಾಲಯ ಇರುವ ಶಂಕರಘಟ್ಟಕ್ಕೆ ಭದ್ರಾ ಕಾಡು ದೂರವಿಲ್ಲ, ವನ್ಯಜೀವಿ ವಿಭಾಗವೂ ಇದೆ. ಘಟ್ಟದ ಮೇಲೆ ಬೆಳೆದ ಹುಡುಗಿಗೆ ಅದು ಪರಊರು ಅನಿಸಲಾರದು.

ನಿಮ್ಮ ನೆಂಟರು ಮೂಗು ಮುರಿದ ಜಾಗದ ಬಗ್ಗೆಯೇ ನನಗೆ ಹೆಚ್ಚು ಹೇಳಬೇಕಿದೆ. ಕಾರವಾರದ ಕೋಡಿಬಾಗದಲ್ಲಿ ಕಾಳಿ ನದಿ ಸಮುದ್ರ ಸೇರುತ್ತದೆ. ಅಲ್ಲೇ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವಿದೆ. ಪದವಿ ಪತ್ರದ ಮೇಲೆ ಧಾರವಾಡದ್ದೇ ಮುದ್ರೆ. ಉಪ್ಪುನೀರು, ಸಿಹಿನೀರು ಕೂಡುವ ಕಡೆ ಪ್ರತಿ ಭರತ–ಇಳಿತಕ್ಕೂ ನೀರಿನ ಉಪ್ಪು ಬದಲಾಗುತ್ತದೆ. ಅದಕ್ಕೆ ತಕ್ಕಂತೆ ಪ್ಲವಕ (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು), ಸಿಗಡಿ, ಏಡಿ, ಮೀನಿನ ಮರಿಗಳ ಸಂಖ್ಯೆಯೂ ಜಾಗವೂ ಬದಲಾಗುತ್ತವೆ. ಪುಸ್ತಕದಲ್ಲಿ ಒಂದು ಪುಟವಾಗಿ ಮುಗಿಯುವ ಈ ಸಂಗತಿಯನ್ನು ಇಲ್ಲಿ ನೀರಿಗಿಳಿದು, ಮಾದರಿ ತುಂಬಿಕೊಂಡು, ಸೂಕ್ಷ್ಮದರ್ಶಕದಡಿ ಇಟ್ಟು ನೋಡಬಹುದು. ದಕ್ಷಿಣಕ್ಕೆ ಬಂದರೆ ಅಘನಾಶಿನಿ ಅಳಿವೆ. ಅಲ್ಲಿ ಬಳಚು ಎಂಬ ಚಿಪ್ಪುಜೀವಿ ತೆಗೆಯುವ ಹೆಂಗಸರಿದ್ದಾರೆ, ಉಪ್ಪುನೀರು ನುಗ್ಗುವ ತಗ್ಗುಗದ್ದೆಯಾದ ಗಜನಿಯಲ್ಲಿ ಕಗ್ಗ ಎಂಬ ಭತ್ತ ಬೆಳೆಯುವ ರೈತರಿದ್ದಾರೆ. 2024ರಲ್ಲಿ ಆ ಅಳಿವೆ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಎನಿಸಿತು. ಇಂಥ ಪರಿಸರ ಧಾರವಾಡದ ಗುಡ್ಡದ ಮೇಲೆ ಎಷ್ಟು ಹಣ ಸುರಿದರೂ ಸಿಗದು. ನಮ್ಮ ಜಿಲ್ಲೆಯವರೇ ಇದನ್ನು ‘ಬೇರೆಲ್ಲೂ ಸೀಟು ಸಿಗದವರ ಜಾಗ’ ಎಂದು ನೋಡಿದರೆ ನನಗೆ ನಿಜಕ್ಕೂ ನೋವಾಗುತ್ತದೆ.

ತೊಂದರೆಗಳನ್ನೂ ಹೇಳಬೇಕು. ಕೇಂದ್ರ ಚಿಕ್ಕದು. ದೊಡ್ಡ ಆವರಣದಲ್ಲಿ ಹತ್ತಾರು ವಿಭಾಗದವರ ಜೊತೆ ಬೆರೆಯುವ, ದೊಡ್ಡ ಗ್ರಂಥಾಲಯದಲ್ಲಿ ದಿನ ಕಳೆಯುವ ಸುಖ ಅಲ್ಲಿಲ್ಲ. ಶಿರಸಿಯಿಂದ ಕಾರವಾರವೂ ಧಾರವಾಡವೂ ಹೆಚ್ಚುಕಡಿಮೆ ಒಂದೇ ದೂರ. ಆದರೆ ಮಳೆಗಾಲದಲ್ಲಿ ಕುಮಟಾ ದಾರಿಯ ದೇವಿಮನೆ ಘಟ್ಟವನ್ನು ನಂಬುವುದು ಕಷ್ಟ, 2024ರ ಜುಲೈಯಲ್ಲಿ ಅಂಕೋಲಾ ತಾಲೂಕಿನ ಶಿರೂರಿನ ಗುಡ್ಡ ಕುಸಿದಾಗ ಹೆದ್ದಾರಿಯೇ ಮುಚ್ಚಿಹೋದದ್ದನ್ನು ಮರೆತಿಲ್ಲ. ದಿನಾ ಓಡಾಡುವ ಯೋಚನೆ ಬೇಡ, ವಸತಿ ಗಟ್ಟಿ ಮಾಡಿಕೊಂಡೇ ಸೇರಿಸಿ.

ಎಲ್ಲಿಗೇ ಆಗಲಿ, ಅರ್ಜಿ ತುಂಬುವ ಮುಂಚೆ ಮಗಳನ್ನು ಕರೆದುಕೊಂಡು ವಿಭಾಗಕ್ಕೆ ಒಮ್ಮೆ ಹೋಗಿ ಬನ್ನಿ. ಕಾಯಂ ಅಧ್ಯಾಪಕರು ಎಷ್ಟು ಮಂದಿ, ಅವರ ಈಗಿನ ಸಂಶೋಧನೆ ಏನು, ಪ್ರಯೋಗಾಲಯ ವಾರಕ್ಕೆ ಎಷ್ಟು ದಿನ ನಡೆಯುತ್ತದೆ, ಹೋದ ವರ್ಷ ಮುಗಿಸಿದವರು ಈಗ ಎಲ್ಲಿದ್ದಾರೆ ಎಂದು ಕೇಳಿ. ಕಾರಿಡಾರಿನಲ್ಲಿ ಸಿಗುವ ಎರಡನೇ ವರ್ಷದ ಹುಡುಗಿಯರನ್ನೂ ಕೇಳಿ, ಹಾಸ್ಟೆಲಿನ ಊಟ, ನೀರು, ಸಂಜೆ ಹೊತ್ತಿನ ಬಸ್ಸಿನ ವಿಷಯ ಅವರಷ್ಟು ಸರಿಯಾಗಿ ಬೇರೆ ಯಾರೂ ಹೇಳಲಾರರು.

ಇಷ್ಟುದ್ದದ ಪತ್ರದಲ್ಲಿ ಮಗಳ ಇಷ್ಟ ಏನೆಂಬುದು ಮಾತ್ರ ಬಂದಿಲ್ಲ. ಅವಳ ಆಸಕ್ತಿ ಕಾಡುಪ್ರಾಣಿಗಳಾದರೆ ಶಂಕರಘಟ್ಟ ನೋಡಲಿ. ಕಪ್ಪೆ, ಶರೀರಶಾಸ್ತ್ರ, ಮುಂದೆ ಪಿಎಚ್.ಡಿ. ಎಂದಾದರೆ ಧಾರವಾಡ. ಸಮುದ್ರವೆಂದರೆ ಕೋಡಿಬಾಗವನ್ನೇ ಮೊದಲ ಆಯ್ಕೆಯಾಗಿ ಬರೆಯಲಿ. ನೆಂಟರಿಗೆ ನನ್ನ ಹೆಸರು ಹೇಳಿ.

— ಸಂಪಾದಕ