ಆದಾಮನಿಗಿಂತ ಮೊದಲೇ ಸಾವಿತ್ತಾ?

ಪ್ರಶ್ನೆ: ಮಗಳು ಸೆಕೆಂಡ್ ಪಿಯುಸಿ, ಬಯಾಲಜಿಯಲ್ಲಿ ವಿಕಾಸವಾದ ಓದುತ್ತಿದ್ದಾಳೆ. ಡೈನೋಸಾರ್‌ಗಳು 6.6 ಕೋಟಿ ವರ್ಷದ ಹಿಂದೆಯೇ ಅಳಿದವು, ಮನುಷ್ಯ ಬಂದು ಸುಮಾರು 3 ಲಕ್ಷ ವರ್ಷ ಅಷ್ಟೇ, ಹಾಗಿದ್ರೆ ಬೈಬಲ್ ಹೇಳುವ ಮೊದಲ ಮನುಷ್ಯ ಆದಾಮನ ಪಾಪದಿಂದ ಸಾವು ಬಂತು ಅಂತ ಹೇಗೆ ನಂಬೋದಮ್ಮಾ ಅಂದಳು. ಸಭೆಯ ಹಿರಿಯರೊಬ್ಬರನ್ನು ಕೇಳಿದೆ. ಅದನ್ನೆಲ್ಲ ಓದಿಸಬೇಡಿ ಅಂದುಬಿಟ್ಟರು.
— ಒಬ್ಬ ತಾಯಿ, ಲಿಂಗರಾಜಪುರ, ಬೆಂಗಳೂರು

ಉತ್ತರ: ಸಹೋದರಿ, ಓದಿಸಿ. ಮಗಳ ಲೆಕ್ಕ ಸರಿಯಾಗಿದೆ. ನಾವು ಮಕ್ಕಳನ್ನು ಹತ್ತಿಸಿ ಆಟ ಆಡಿಸುವ ಲಾಲ್‌ಬಾಗ್ ಬಂಡೆಗೇ ಸುಮಾರು 300 ಕೋಟಿ ವರ್ಷ ವಯಸ್ಸು.

ಈಗ ಬೈಬಲಿನಲ್ಲಿ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆ 5:12 ನಿಧಾನವಾಗಿ ಓದಿ. ಪಾಪದಿಂದ ಬಂದ ಸಾವು ಎಲ್ಲ ಮನುಷ್ಯರಿಗೂ ಹಬ್ಬಿತು ಅಂತ ಪೌಲ ಹೇಳುತ್ತಾನೆ. ಅಲ್ಲಿ ಪ್ರಾಣಿಗಳ ಮಾತೇ ಇಲ್ಲ. ಬೈಬಲಿನ ಮೊದಲ ಪುಸ್ತಕ ಆದಿಕಾಂಡದಲ್ಲಿ, ತಿನ್ನಬೇಡ ಅಂದ ಹಣ್ಣು ತಿಂದ ದಿನವೇ ಸಾಯುತ್ತೀ ಅಂತ ದೇವರು ಆದಾಮನಿಗೆ ಹೇಳಿದ್ದರು, ಆದರೆ ಅವನು 930 ವರ್ಷ ಬದುಕಿದ ಅಂತ ಅದೇ ಆದಿಕಾಂಡ ಹೇಳುತ್ತದೆ, ಅಲ್ವಾ? ಹಾಗಾದರೆ ಆ ದಿನ ಆಗಿದ್ದೇನು? ದೇವರ ಸಪ್ಪಳ ಕೇಳಿ ಗಂಡ ಹೆಂಡತಿ ಮರಗಳ ಹಿಂದೆ ಅಡಗಿಕೊಂಡರು. ಆ ಸಂಬಂಧ ಕಡಿದುಹೋದದ್ದನ್ನೇ ನಾನು ಸಾವು ಅಂತ ಓದುತ್ತೇನೆ. ಅದಕ್ಕೆ ಯಾವ ಪಳೆಯುಳಿಕೆಯೂ ಅಡ್ಡಿ ಬರಲ್ಲ.

ಮೊದಲು ಪ್ರಾಣಿಗಳಿಗೆ ಹಸಿರೇ ಆಹಾರ ಅಂತ ಆದಿಕಾಂಡ 1:30ರಲ್ಲಿದೆ, ನಿಜ. ಅದನ್ನು ಹಿಡಿದು ಇಡೀ ಸೃಷ್ಟಿಯೇ ಆದಾಮನಿಂದ ಕೆಟ್ಟಿತು ಅನ್ನುವವರ ನಂಬಿಕೆಯನ್ನು ನಾನು ಹಗುರ ಮಾಡಲ್ಲ. ಆದರೆ 104ನೇ ಕೀರ್ತನೆಯಲ್ಲಿ ಸಿಂಹದ ಮರಿಗಳು ಬೇಟೆಗಾಗಿ ಗರ್ಜಿಸುತ್ತಾ ದೇವರ ಹತ್ತಿರವೇ ಊಟ ಕೇಳುತ್ತವೆ, ಮತ್ತೆ ಅದು ದೇವರನ್ನು ಹೊಗಳುವ ಹಾಡು! ಮನುಷ್ಯನನ್ನು ಮಗುವಿನ ಹಾಗೆ, ಇನ್ನೂ ಬೆಳೆಯಬೇಕಾದವನಾಗಿ ಸೃಷ್ಟಿಸಲಾಯಿತು ಅಂತ 2ನೇ ಶತಮಾನದಲ್ಲೇ ಐರೇನಿಯಸ್ ಎಂಬ ಬಿಷಪ್ ಬರೆದಿದ್ದರು. ವಿಕಾಸವಾದದ ಡಾರ್ವಿನ್ ಪುಸ್ತಕ ಬಂದದ್ದು 1859ರಲ್ಲಿ, ಹಾಗಾಗಿ ಇದು ವಿಜ್ಞಾನಕ್ಕೆ ಹೆದರಿ ಈಗ ಕಟ್ಟಿದ ಮಾತಲ್ಲ.

ಒಂದು ಮಾತ್ರ ನನಗೆ ಇನ್ನೂ ಕಷ್ಟ. 7 ಕೋಟಿಗೂ ಹೆಚ್ಚು ವರ್ಷ ಹಳೆಯ ಡೈನೋಸಾರ್ ಕಾಲಿನ ಮೂಳೆಯಲ್ಲಿ ಕ್ಯಾನ್ಸರ್ ಗುರುತು ಸಿಕ್ಕಿದೆ. ಆ ನೋವು ಯಾರ ಪಾಪಕ್ಕೆ? ಯಾರದ್ದಕ್ಕೂ ಅಲ್ಲ ಅಂತ ಹೇಳಿದರೂ ಮನಸ್ಸಿಗೆ ಸಮಾಧಾನ ಆಗಲ್ಲ. ಇಡೀ ಸೃಷ್ಟಿ ಹೆರಿಗೆ ನೋವಿನಲ್ಲಿ ನರಳುತ್ತಿದೆ ಅಂತ ಪೌಲ ಅದೇ ಪತ್ರಿಕೆಯ 8ನೇ ಅಧ್ಯಾಯದಲ್ಲಿ ಬರೆಯುತ್ತಾನೆ. ಹೆರಿಗೆ ಅಂದಮೇಲೆ ಮುಂದೆ ಹುಟ್ಟುವುದೊಂದು ಇದೆ. ನಾನು ಹಿಡಿದುಕೊಂಡಿರುವುದು ಆ ಮಾತನ್ನೇ.

ಮಗಳ ಜೊತೆ ಕೂತು ಆ ಕೀರ್ತನೆ ಓದಿ. ಮುಂದಿನ ಪ್ರಶ್ನೆ ಅವಳೇ ಬರೆದು ಕಳಿಸಲಿ.