ಹೆಸರು ನೆಲದ ಮೇಲೇಕೆ?

ಮಾನ್ಯರೇ,

ಜರ್ಮನಿಯ ಸ್ಟೋಲ್ಪರ್‌ಸ್ಟೈನ್‌ಗಳ, ಅಂದರೆ ಹಿಟ್ಲರನ ನಾಜಿಗಳಿಗೆ ಬಲಿಯಾದವರ ಹೆಸರು ಬರೆದು ಅವರ ಮನೆಯೆದುರಿನ ಕಾಲುದಾರಿಯಲ್ಲಿ ಹೂಳುವ ಎಡವುಗಲ್ಲುಗಳ, ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಶಿವಮೊಗ್ಗದಿಂದ ಬರೆದ ಪತ್ರ ತಲುಪಿತು. ಪುಸ್ತಕಕ್ಕೆ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು ನಾವು, ಸತ್ತವರ ಹೆಸರನ್ನು ಜನ ತುಳಿದಾಡುವ ಕಡೆ ಹಾಕಿ ಅದನ್ನು ಗೌರವ ಎನ್ನುವುದು ಹೇಗೆ ಎಂದು ಕೇಳಿದ್ದೀರಿ. ಊರಿಗೊಂದು ದೊಡ್ಡ ಸ್ಮಾರಕ ಸಾಲದೇ ಎಂದೂ ಕೇಳಿದ್ದೀರಿ. ಹ್ಯಾಂಬರ್ಗ್‌ನಲ್ಲಿರುವ ನಿಮ್ಮ ಮಗಳು ಮನೆಯ ಮುಂದಿನ ಅಂಥದೊಂದು ಕಲ್ಲನ್ನು ದಿನಾ ಬಳಸಿಕೊಂಡು ಹೋಗುತ್ತಾಳಂತೆ. ಅವಳೇನು ಮಾಡಬೇಕು ಎಂಬುದು ನಿಮ್ಮ ಕೊನೆಯ ಪ್ರಶ್ನೆ.

ನಿಮ್ಮ ಆಕ್ಷೇಪ ನಮ್ಮ ಕಡೆಯ ಸಂಸ್ಕಾರದ ಮಾತಷ್ಟೇ ಅಲ್ಲ. ಮ್ಯೂನಿಕ್‌ನ ಯಹೂದಿ ಸಮುದಾಯದ ಅಧ್ಯಕ್ಷೆ ಶಾರ್ಲೊಟ್ ಕ್ನೊಬ್ಲೊಖ್ ಇದನ್ನೇ ವರ್ಷಗಟ್ಟಲೆ ಹೇಳುತ್ತ ಬಂದವರು. 1932ರಲ್ಲಿ ಅದೇ ಊರಿನಲ್ಲಿ ಹುಟ್ಟಿ, ಬಾಲ್ಯದಲ್ಲಿ ಹಳ್ಳಿಯ ಕ್ಯಾಥೊಲಿಕ್ ರೈತ ಕುಟುಂಬವೊಂದರಲ್ಲಿ ಅಡಗಿದ್ದು ಉಳಿದುಕೊಂಡವರು. ಅವರ ಅಜ್ಜಿಯನ್ನು ನಾಜಿಗಳು ಥೆರೆಸಿಯನ್‌ಶ್ಟಾಟ್ ಎಂಬ ಸೆರೆಶಿಬಿರಕ್ಕೆ ಸಾಗಿಸಿದರು. ಆಕೆ ಅಲ್ಲೇ ತೀರಿಕೊಂಡರು. ಬದುಕಿದ್ದಾಗ ಬೂಟುಗಾಲಿನ ಒದೆ ತಿಂದವರನ್ನು ಈಗಲೂ ತುಳಿಯುವುದೇ ಎನ್ನುವ ಅವರ ಮಾತನ್ನು ಯಾರು ತಾನೇ ತಳ್ಳಿಹಾಕಬಲ್ಲರು? ಮ್ಯೂನಿಕ್ ನಗರಸಭೆ 2004ರಲ್ಲಿ ಸಾರ್ವಜನಿಕ ಜಾಗಗಳಲ್ಲಿ ಈ ಕಲ್ಲುಗಳನ್ನು ನಿಷೇಧಿಸಿತು, 2015ರಲ್ಲಿ ಅದನ್ನೇ ಮತ್ತೆ ಎತ್ತಿಹಿಡಿಯಿತು. 2018ರಿಂದ ಅಲ್ಲಿ ಕಣ್ಣಿನ ಎತ್ತರಕ್ಕೆ ಗೋಡೆಫಲಕ, ಕಂಬಗಳನ್ನು ಹಾಕುತ್ತಿದ್ದಾರೆ.

ಆದರೂ ನನ್ನ ಒಲವು ನೆಲದ ಕಲ್ಲಿನ ಕಡೆಗೇ. ಅದು ಇರುವ ಜಾಗವನ್ನು ನೋಡಿ. ಹತ್ತು ಸೆಂಟಿಮೀಟರಿನ ಕಾಂಕ್ರೀಟ್ ತುಂಡು, ತಲೆಯ ಮೇಲೆ ಹಿತ್ತಾಳೆ ತಗಡು. ಸುತ್ತಿಗೆಯಿಂದ ಒಂದೊಂದೇ ಅಕ್ಷರ ಬಡಿದು ಬರೆದಿರುತ್ತಾರೆ: ಇಲ್ಲಿ ವಾಸವಿದ್ದರು, ಹೆಸರು, ಹುಟ್ಟಿದ ವರ್ಷ, ಸಾಗಿಸಿದ ವರ್ಷ, ಎಲ್ಲಿಗೆ, ಕೊಂದದ್ದು ಎಲ್ಲಿ. ಬಾಗದೆ ಅದನ್ನು ಓದಲಾಗದು. ಕೊಲೆಯಾದ ಯಹೂದಿಗಳಿಗಾಗಿ ಬರ್ಲಿನ್‌ನಲ್ಲಿ 2005ರಲ್ಲಿ ತೆರೆದ ಮಹಾಸ್ಮಾರಕದಲ್ಲಿ 2,711 ಕಾಂಕ್ರೀಟ್ ದಿಮ್ಮಿಗಳಿವೆ, ಒಂದರ ಮೇಲೂ ಹೆಸರಿಲ್ಲ. ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಆ ಜನರನ್ನು ಯಾವ ಮನೆಯಿಂದ, ಯಾರ ಕಣ್ಣೆದುರು ಎಳೆದೊಯ್ದರು ಎಂಬುದನ್ನು ಅದು ಹೇಳುವುದಿಲ್ಲ. ಕಾನ್ಸಂಟ್ರೇಷನ್ ಕ್ಯಾಂಪಿನ ದಾರಿ ಶುರುವಾದದ್ದು ಮೆಟ್ಟಿಲಿನಿಂದ, ಎದುರುಮನೆಯವರು ನೋಡುತ್ತಿದ್ದಾಗ. ಖಾಲಿಯಾದ ಮನೆಯ ಮೇಜು, ಮಂಚ, ಹಾಸಿಗೆಬಟ್ಟೆಗಳು ನಿಮ್ಮ ಮಗಳಿರುವ ಹ್ಯಾಂಬರ್ಗ್‌ನಲ್ಲೇ ಬಹಿರಂಗ ಹರಾಜಾದವು, ಊರಿನವರೇ ಕೊಂಡುಕೊಂಡರು.

ಇದನ್ನು ಶುರುಮಾಡಿದ ಕಲಾವಿದ ಗುಂಟರ್ ಡೆಮ್ನಿಗ್ 1990ರಲ್ಲಿ ಕಲೋನ್‌ನ ಬೀದಿಗಳಲ್ಲಿ ಬಣ್ಣದ ಗೆರೆ ಎಳೆಯುತ್ತ ಹೋಗಿದ್ದರು. 1940ರ ಮೇ ತಿಂಗಳಲ್ಲಿ ಸಾವಿರ ರೋಮಾ ಮತ್ತು ಸಿಂಟಿ ಜನರನ್ನು, ಅಂದರೆ ಜಿಪ್ಸಿಗಳೆಂದು ಕರೆಸಿಕೊಂಡವರನ್ನು, ನಡೆಸಿಕೊಂಡು ಹೋದ ದಾರಿ ಅದು. ನಮ್ಮ ಕೇರಿಯಲ್ಲಿ ಜಿಪ್ಸಿಗಳು ಇರಲೇ ಇಲ್ಲ ಎಂದು ವೃದ್ಧೆಯೊಬ್ಬರು ಅವರಿಗೆ ಹೇಳಿದರಂತೆ. ಆಕೆ ಸುಳ್ಳಾಡಿದರು ಎನ್ನುವಂತಿಲ್ಲ, ಪಕ್ಕದಲ್ಲಿದ್ದವರು ನೆನಪಿನಿಂದಲೇ ಅಳಿಸಿಹೋಗಿದ್ದರು. ಇಡೀ ಕೆಲಸಕ್ಕೆ ಕಾರಣವೇ ಈ ಮರೆವು ಎಂದು ನನಗನ್ನಿಸುತ್ತದೆ. 1996ರಲ್ಲಿ ಬರ್ಲಿನ್‌ನ ಕ್ರೊಯ್ಟ್ಸ್‌ಬರ್ಗ್‌ನಲ್ಲಿ ಅವರು ಯಾರ ಅನುಮತಿಯನ್ನೂ ಕೇಳದೆ ಕಲ್ಲು ಹೂಳಿದರು. 2023ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಕೂರಿಸಿದ್ದು ಒಂದು ಲಕ್ಷದ ಕಲ್ಲು.

ಮ್ಯೂನಿಕ್‌ನಲ್ಲಿ 2004ರಲ್ಲಿ ಕಿತ್ತ ಕಲ್ಲುಗಳಲ್ಲಿ ಎರಡು, ಮಗನೊಬ್ಬ ತನ್ನ ತಂದೆತಾಯಿಗಾಗಿ ಹಾಕಿಸಿದ್ದವು. ಆ ದಂಪತಿಯನ್ನು 1941ರ ನವೆಂಬರಿನಲ್ಲಿ ಲಿಥುವೇನಿಯಾದ ಕೌನಾಸ್‌ಗೆ ಸಾಗಿಸಿ ಗುಂಡಿಕ್ಕಿದ್ದರು. ಅವರ ಗೌರವ ಎಲ್ಲಿದೆ ಎಂದು ನಿರ್ಧರಿಸುವ ಹಕ್ಕು ಮೊದಲು ಆ ಮಗನದಲ್ಲವೇ?

ಇದೇ ಮಾತು ಡೆಮ್ನಿಗ್ ಅವರಿಗೂ ಅನ್ವಯಿಸಬೇಕು. ನನ್ನ ಮಟ್ಟಿಗೆ ಪಾದಕ್ಕಿಂತ ದೊಡ್ಡ ಆಕ್ಷೇಪ ಬರಹದ್ದು. ಕೆಲವು ಕಲ್ಲುಗಳ ಮೇಲೆ ನಾಜಿ ನ್ಯಾಯಾಲಯಗಳು ಹೊರಿಸಿದ ‘ಚಾಳಿಬಿದ್ದ ಅಪರಾಧಿ’ಯಂಥ ಪದಗಳನ್ನೇ ಉದ್ಧರಣ ಚಿಹ್ನೆಯೊಳಗೆ ಕೊರೆಯಲಾಯಿತು. ಹ್ಯಾಂಬರ್ಗ್‌ನಲ್ಲಿ ಇದಕ್ಕೆ ಮನೆಯವರಿಂದ ಪ್ರತಿಭಟನೆ ಬಂತು. ಕೊಂದವರು ಕೊಟ್ಟ ಹೆಸರನ್ನು ಸತ್ತವರ ಬಾಗಿಲಲ್ಲಿ ಬರೆಯುವುದು ತಪ್ಪು. ಆ ಪುಟ್ಟ ಚಿಹ್ನೆ ನಡೆದುಹೋಗುವವರ ಕಣ್ಣಿಗೆ ಬೀಳುವುದೂ ಇಲ್ಲ.

ಇನ್ನು ನಿಮ್ಮ ಮಗಳು. ಬಳಸಿಕೊಂಡು ಹೋಗುವುದು ಅವಳ ಇಷ್ಟ, ಆದರೆ ಕಾಲಿಟ್ಟರೆ ಅಪಚಾರವೇನಲ್ಲ. ನಡೆದಾಡಿದಷ್ಟೂ ಹಿತ್ತಾಳೆ ಹೊಳೆಯುತ್ತದೆ. ಓಡಾಟ ಕಡಿಮೆಯಿರುವ ಕಡೆ ಅದು ಮಳೆಗೆ ಕಪ್ಪಾಗುತ್ತದೆ. ಜನವರಿ 27 (ನಾಜಿ ಬಲಿಪಶುಗಳ ಸ್ಮರಣೆಯ ದಿನ) ಮತ್ತು ನವೆಂಬರ್ 9ರ (1938ರಲ್ಲಿ ಯಹೂದಿಗಳ ಮೇಲೆ ದಾಳಿ ನಡೆದ ರಾತ್ರಿ) ಸುಮಾರಿಗೆ ನೆರೆಹೊರೆಯವರು, ಶಾಲಾಮಕ್ಕಳು ಬಟ್ಟೆ, ಪಾಲಿಶ್ ಹಿಡಿದು ಕೂತು ಉಜ್ಜುತ್ತಾರೆ. ಅವಳೂ ಸೇರಿಕೊಳ್ಳಲಿ. ತಂತಿಬ್ರಷ್ ಮಾತ್ರ ಬೇಡ. ಹ್ಯಾಂಬರ್ಗ್‌ನ ಕಲ್ಲುಗಳಿಗೆಂದೇ ಒಂದು ಜಾಲತಾಣವಿದೆ. ಬೀದಿಯ ಹೆಸರು ಹಾಕಿ ಹುಡುಕಿದರೆ ಅನೇಕರ ಜೀವನಕಥೆ ಅಲ್ಲಿ ಸಿಗುತ್ತದೆ. ತನ್ನ ಬಾಗಿಲ ಮುಂದಿನವರ ಕಥೆಯನ್ನು ಅವಳು ಕನ್ನಡದಲ್ಲಿ ಬರೆದು ಕಳಿಸಿದರೆ ನಮ್ಮ ಪತ್ರಿಕೆಯಲ್ಲಿ ಅದಕ್ಕೆ ಪುಟವಿದೆ.

— ಸಂಪಾದಕ